ಮಗನಿಗೂ ಹಗ್ಗಕ್ಕೂ ನಡುವೆ

ಪರದೆ ಕಪ್ಪಗಿತ್ತು. ಅದರೆದುರು ನೆಲದಲ್ಲಿ ಕೂತು ಭಾಗವ್ವ ಎದೆ ಬಡಿದುಕೊಳ್ಳುತ್ತಿದ್ದಳು.

"ನನ್ನ ಮಗನ್ನ ಒಯ್ದರ್ರೀ... ಎರಡನೇ ಸಲ ಒಯ್ದರ್ರೀ!"

ನಾಸಿಕದ ಗಂಗಾಪುರ ರಸ್ತೆಯಲ್ಲಿ ಏಳುತ್ತಿದ್ದ ಕಟ್ಟಡದ ಮಾರಾಟ ಕಚೇರಿ ಅದು. ಬಾಗಿಲಲ್ಲಿ ನೀಲಾಂಬಿಕಾ ನಿಂತಿದ್ದಳು. ಆಕೆ ವಿಮಾ ಕಂಪನಿಯ ತನಿಖಾಧಿಕಾರಿ. ಭಾಗವ್ವನ ಮಗ ಪರಮೇಶ್ವರ ಹನ್ನೊಂದನೇ ಮಹಡಿಯಿಂದ ಬಿದ್ದು ಸತ್ತಿದ್ದ. ಹಗ್ಗ ಬಿಗಿದುಕೊಂಡಿದ್ದವನು ತಾನೇ ಬಿಚ್ಚಿದನೇ, ಇಲ್ಲಾ ಹಗ್ಗವೇ ಇರಲಿಲ್ಲವೇ? ತಾನೇ ಬಿಚ್ಚಿದ್ದರೆ ತಪ್ಪು ಸತ್ತವನದು. ಈಗ ನೋಡಿದರೆ, ಅವನು ಬಿದ್ದ ದಿನ ಬೆಳಿಗ್ಗೆ ತೆಗೆದ ವಿಡಿಯೋದ ಪೆನ್‌ಡ್ರೈವೇ ಮಾಯ!

ಅದನ್ನು ತೋರಿಸುತ್ತಿದ್ದದ್ದು ಬರೀ ಟೀವಿ ಅಲ್ಲ. ಕನ್ನಡಕವಿಲ್ಲದೆಯೇ ಮನುಷ್ಯರು ಹೊರಬಂದು ನಿಂತಂತೆ ಕಾಣುವ ತ್ರೀಡಿ ಪರದೆ. ಗಿರಾಕಿಗಳನ್ನು ಮರುಳು ಮಾಡಲು ಬಿಲ್ಡರ್ ಸಂಭಾಜಿನಗರದಿಂದ ತರಿಸಿದ್ದ. ಅದರಲ್ಲಿ ಪರಮೇಶ್ವರ ಕಟ್ಟಡದ ಅಂಚಿನಲ್ಲಿ ನಿಂತು ಟವೆಲ್ಲಿನಿಂದ ಮುಖ ಒರೆಸಿ ನಗುತ್ತಿದ್ದ. ಅದೇ ಕಟ್ಟಡದಲ್ಲಿ ಕೂಲಿ ಮಾಡುತ್ತಿದ್ದ ಭಾಗವ್ವ ಊಟದ ಬಿಡುವಿನಲ್ಲಿ ದಿನಾ ಬಂದು ನೋಡುತ್ತಿದ್ದಳು. ಪರದೆ ಎತ್ತರ, ಇವಳು ಕುಳ್ಳಿ. ಕೈಗೆ ಎಟುಕುತ್ತಿದ್ದದ್ದು ಮಗನ ಪಾದ ಮಾತ್ರ. ಅದನ್ನೇ ಸವರಿ ಹೋಗುತ್ತಿದ್ದಳು. ಅವಳನ್ನು ಒಳಗೆ ಬಿಡುತ್ತಿದ್ದವಳು ಕಚೇರಿಯ ಹರ್ಷಿಣಿ, ಉಡುಪಿ ಹೋಟೆಲಿನವರ ಮಗಳು.

"ಬೀಗ ಮುರಿದಾರೇನು?" ನೀಲಾಂಬಿಕಾ ಹರ್ಷಿಣಿಯನ್ನು ಕೇಳಿದಳು.

"ಇಲ್ಲ ಮೇಡಂ. ಚಾವಿ ನನ್ನತ್ರ ಉಂಟು, ಮ್ಯಾನೇಜರ್ ಹತ್ರ, ಮತ್ತೆ ಮುಕಾದಮ್ ರೇವಪ್ಪನ ಹತ್ರ."

"ಗಾಜಿನ ಮ್ಯಾಲೆ ಇದೇನು, ಬೆಳ್ಳಗ?"

"ವಿಭೂತಿ ಅಲ್ವಾ? ಭಾಗವ್ವನೇ ಹಚ್ಚಿದ್ದು ಅಂತ ಎಣಿಸಿದೆ. ಒರೆಸ್ಲಿಕ್ಕೆ ಮನಸ್ಸಾಗ್ಲಿಲ್ಲ."

ಕೂಲಿಯಾಳುಗಳ ಮೇಸ್ತ್ರಿ, ಮುಕಾದಮ್ ರೇವಪ್ಪ ಮೊಬೈಲ್ ಹಿಡಿದು ಮುಂದೆ ಬಂದ. ಆಳೆತ್ತರಕ್ಕಿಂತ ಒಂದು ಗೇಣು ಹೆಚ್ಚೇ ಇದ್ದ. ಭಾಗವ್ವನ ಒಡಹುಟ್ಟಿದ ತಮ್ಮ. ಪರಮೇಶ್ವರನನ್ನು ಕೆಲಸಕ್ಕೆ ಕರೆತಂದವನೂ ಅವನೇ. ಅದೇ ವಿಡಿಯೋ ಬಿಲ್ಡರನ ಜಾಹೀರಾತಾಗಿ ಎಲ್ಲರ ವಾಟ್ಸಾಪಿಗೂ ಬಂದಿತ್ತು.

"ನೋಡ್ರಿ ಬಾಯಾರ, ನಡಕ್ಕ ಹಗ್ಗ ಐತಿ. ನಾನ ಕಟ್ಟೀನಿ. ಆಮ್ಯಾಲೆ ಬಿಚ್ಚಿಕೊಂಡಾನ." ಮೊಬೈಲನ್ನು ಆಕೆಯ ಕೈಗಿಟ್ಟ. "ಮಣ್ಣು ಮಾಡುವಾಗ ತೆಲಿ ತುಂಬ ಪಟ್ಟಿ ಸುತ್ತಿದ್ದರು. ಸೋದರಮಾವನಾಗಿ ಮಾಡೂದೂ ಮಾಡಾಕ ಆಗಲಿಲ್ಲ."

"ಸುಳ್ಳ!" ಭಾಗವ್ವ ತಲೆ ಎತ್ತಿದಳು. "ಹಗ್ಗ ಅವನ ಹಿಂದ ಒಂದು ಮೊಳ ದೂರ ಇತ್ತರಿ. ದಿನಾ ನೋಡೀನಿ!"

"ಅಕ್ಕಾ, ನಿನಗ ತೆಲಿ ನಿಂತಿಲ್ಲ."

ಮ್ಯಾನೇಜರ್ ಹೌದೆಂದು ತಲೆಯಾಡಿಸಿದ. ನೀಲಾಂಬಿಕಾ ಮೊಬೈಲನ್ನು ಮತ್ತೆ ಮತ್ತೆ ನೋಡಿದಳು. ಹಗ್ಗ ಸೊಂಟಕ್ಕೇ ಇತ್ತು, ಅನುಮಾನವೇ ಇಲ್ಲ. ಹಾಗಿದ್ದರೆ ಪೆನ್‌ಡ್ರೈವ್ ಕದಿಯುವ ದರಿದ್ರ ಯಾರಿಗೆ ಬಂತು?

ಮರುದಿನ ಆಕೆ ಸಂಭಾಜಿನಗರಕ್ಕೆ ಹೋದಳು. ಪರದೆ ಕಂಪನಿಯಲ್ಲಿ ಚಿತ್ರ ತೆಗೆದ ಎಂಜಿನಿಯರ್ ರೋಷನ್ ಬಳಿ ಮೂಲ ಪ್ರತಿ ಇತ್ತು. ವಾಪಸು ಬಂದವಳೇ ಎಲ್ಲರನ್ನೂ ಪರದೆಯೆದುರು ನಿಲ್ಲಿಸಿದಳು.

ಪರಮೇಶ್ವರ ಹೊರಬಂದು ನಿಂತ. ಮುಖ ಒರೆಸಿ ನಕ್ಕ. ಭಾಗವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

"ಎಲ್ಲಾರೂ ಒಂದು ಹೆಜ್ಜಿ ಬಲಕ್ಕ ಸರೀರಿ."

ಸರಿದರು. ನಡುವಿಗೆ ಅಂಟಿದ್ದ ಹಗ್ಗ ಬೆನ್ನಿನಿಂದ ದೂರವಾಯಿತು. ಸಂದಿಯಲ್ಲಿ ಆಚೆಯ ಗುಡ್ಡ ಕಾಣಿಸಿತು.

"ಮೊಬೈಲಿನ್ಯಾಗ ಒಂದ ಕಡೆ ಚಿತ್ರ," ಎಂದಳು ನೀಲಾಂಬಿಕಾ. "ಹಿಂದ ಜೋತುಬಿಟ್ಟ ಹಗ್ಗ ನಡಕ್ಕ ಕಟ್ಟಿದಂಗ ಕಾಣತದ. ಈ ಪರದೆ ಎಂಟು ಕಡೆಯಿಂದ ತೋರಸತದ. ಭಾಗವ್ವ ಹೇಳಿದ್ದ ಖರೆ. ನಾವ್ಯಾರೂ ನಂಬಲಿಲ್ಲ. ಫೋಟೋಕ್ಕ ಕಂಡರ ಸಾಕು ಅಂತ ಆ ಹಗ್ಗ ಜೋತುಬಿಟ್ಟವರನ್ನ ರೋಷನ್ ಕಣ್ಣಾರೆ ನೋಡ್ಯಾರ."

"ಮತ್ತೆ ಕದ್ದದ್ದು?" ಮ್ಯಾನೇಜರ್ ಕೇಳಿದ.

"ನಿಮಗ ಬ್ಯಾಡಾಗಿದ್ರ ತೆಗಿ ಅಂತ ಹೇಳಿದ್ರ ಸಾಕಿತ್ತು, ಕದಿಯೂದು ಯಾಕ? ಹರ್ಷಿಣಿಗೆ ಅದರಿಂದ ಏನೂ ಆಗಬೇಕಾಗಿಲ್ಲ. ಆ ಇಬತ್ತಿ ನೋಡ್ರಿ."

ವಿಭೂತಿಯ ಮೂರು ಬೆರಳಿನ ಬಿಳಿ ಗುರುತು ಪರಮೇಶ್ವರನ ಹಣೆಯ ಮೇಲೇ ಕೂತಿತ್ತು.

"ಪರದೆ ಕಪ್ಪಾದ ಮ್ಯಾಲೆ ಹಣಿ ಎಲ್ಲಿ ಅಂತ ಯಾರಿಗೆ ಗೊತ್ತಾಗತದ? ಅವ ನಗುವಾಗ ಹಚ್ಚ್ಯಾರ, ಆಮ್ಯಾಲೆ ಕಿತ್ತಾರ. ಭಾಗವ್ವನ ಕೈ ಅಲ್ಲೀತನಕ ಹೋಗೂದಿಲ್ಲ. ಭಾಗವ್ವ, ಮಣ್ಣಿಗೆ ಇಡೂಕಿಂತ ಮೊದಲ ನಿಮ್ಮ ಮನ್ಯಾಗ ಹಣಿಗೆ ಕಡೀ ಇಬತ್ತಿ ಯಾರು ಹಚ್ಚತಾರ?"

"ಸೋದರಮಾವ," ಎಂದಳು ಭಾಗವ್ವ. ತಮ್ಮನ ಕಡೆ ತಿರುಗಿದಳು. "ಅಯ್ಯ ಶಿವನ... ರೇವ್ಯಾ, ನೀನ?"

ರೇವಪ್ಪ ಅಕ್ಕನ ಎದುರು ಕೂತ. ಜೇಬಿನಿಂದ ಪೆನ್‌ಡ್ರೈವ್ ತೆಗೆದು ನೆಲಕ್ಕಿಟ್ಟ.

"ಹಗ್ಗ ಕಟ್ಟದ ಬರೇ ಜೋತುಬಿಟ್ಟವ ನಾನ. ಕಸಾ ಹೊಡಸಾಕ ಬಂದಾಗೆಲ್ಲಾ ನನ್ನ ನೋಡಿ ನಗತಿದ್ದ ಅಕ್ಕಾ. ತಡಕೊಳ್ಳಾಕ ಆಗಲಿಲ್ಲ. ಇಬತ್ತಿ ಹಚ್ಚದ ಹ್ಯಾಂಗ ಕಳಿಸಲಿ ಅವನ್ನ?"

ಭಾಗವ್ವ ಅವನ ಮೇಲೆ ಕೈ ಎತ್ತಲಿಲ್ಲ. ಹರ್ಷಿಣಿಯ ಕುರ್ಚಿ ಎಳೆದುಕೊಂಡು ಹತ್ತಿ ನಿಂತಳು. ಈಗ ಮಗನ ಮುಖ ಅವಳ ಕೈಗೆ ಸಿಕ್ಕಿತು.

"ಇಲ್ಲಿ ಬದುಕಿದ್ದನೋ ನನ್ನ ಕೂಸು. ಬದುಕಿದ್ದವನ ಹಣಿಗೆ ಹೆಣದ ಇಬತ್ತಿ ಹಚ್ಚಿದೆಲ್ಲೋ, ಪಾಪಿ!"

ಸೆರಗಿನ ತುದಿಯಿಂದ ಒರೆಸತೊಡಗಿದಳು. ಗುರುತು ಪೂರ್ತಿ ಹೋದ ಮೇಲೂ ಒರೆಸುತ್ತಲೇ ಇದ್ದಳು. ಅವಳನ್ನು ಇಳಿಸಲು ಯಾರಿಗೂ ಧೈರ್ಯವಾಗಲಿಲ್ಲ.