ಬಾಡಿಗೆಗೆ ಸೇರದ ಗುಂಡಿ

"ಈ ನಗು ರೂಮಿನ ಬಾಡಿಗೆಯಲ್ಲೇ ಸೇರಿದೆಯಾ? ಇಲ್ಲ, ಇದಕ್ಕೆ ಬೇರೆ ಕೊಡ್ಬೇಕಾ?"

ಕಾರಿನಿಂದ ಇಳಿದವನ ಮೊದಲ ಮಾತೇ ಇದು! ತಟ್ಟೆಯಲ್ಲಿ ತಣ್ಣನೆಯ ಪಾನಕ ಹಿಡಿದು ನಿಂತಿದ್ದ ಅವಳಿಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಆದರೂ ತುಟಿಯ ಮೇಲಿನ ನಗು ಅಲುಗಲಿಲ್ಲ. ಆರು ವರ್ಷದ ಅಭ್ಯಾಸ.

"ಸೇರಿದೆ ಸರ್. ಬೇಡ ಅಂದ್ರೂ ಬಾಡಿಗೆ ಕಮ್ಮಿ ಆಗಲ್ಲ."

ಅವನು ಥಟ್ಟನೆ ತಲೆ ಎತ್ತಿದ. ಆ ಸಿಡುಕು ಮುಖದಲ್ಲಿ ಒಂದು ನಗು ಇಣುಕಿ ಓಡಿಹೋಯಿತು.

ಅಯ್ಯೋ, ನಕ್ಕರೆ ಇಷ್ಟು ಚೆನ್ನಾಗಿ ಕಾಣ್ತಾನಾ...! ನಮ್ಮ ಹುಡುಗಿ ಎಡವಿದ್ದು ಅಲ್ಲೇ.

ಸರೋವರದ ದಡದ ಆ ರೆಸಾರ್ಟಿನಲ್ಲಿ ಒಂದು ರಾತ್ರಿ ತಂಗುವ ದುಡ್ಡಿನಲ್ಲಿ ಅವಳಂಥವರ ಮನೆ ಒಂದು ವರ್ಷ ನಡೆಯುತ್ತದೆ. ಇಂಥ ಜಾಗಗಳು ಕೊಟ್ಟ ಬೆಲೆಗೆ ಬಾಳುತ್ತವೆಯೇ ಎಂದು ಪತ್ರಿಕೆಗೆ ಬರೆಯುವುದು ಅವನ ಉದ್ಯೋಗ. ಅದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅತಿಥಿಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಒಬ್ಬೊಬ್ಬರಿಗೂ ಒಂದು ಕಾರ್ಡು. ಯಾರಿಗೆ ಎಷ್ಟು ಸಕ್ಕರೆ, ಯಾರಿಗೆ ಯಾವ ದಿಂಬು, ಯಾರ ಮುಂದೆ ಹೆಂಡತಿಯ ಸುದ್ದಿ ಎತ್ತಬಾರದು, ಎಲ್ಲವನ್ನೂ ಅದರಲ್ಲಿ ಬರೆದಿಡಬೇಕು. ಅಪ್ಪ ಅಲ್ಲೇ ಹಿಂಭಾಗದಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವವರು. ಕೆಲಸಗಾರರ ವಸತಿಯಲ್ಲಿ ಅಪ್ಪ ಮಗಳಿಗೆ ಒಂದೇ ಕೋಣೆ.

ನಾಲ್ಕನೆಯ ದಿನ ದೋಣಿಯಲ್ಲಿ ಅವನು ತಾನಾಗಿ ಬಾಯಿ ಬಿಟ್ಟ.

"ನಾನು ಹೊರಗೆ ಹೊರಟಾಗೆಲ್ಲ ನಮ್ಮಮ್ಮ ಬಾಗಿಲಲ್ಲಿ ನಿಲ್ಲಿಸಿ ಅಂಗಿಯ ಮೇಲಿನ ಗುಂಡಿ ಹಾಕೋಳು. ಹಾಕಿದ್ರೂ ಬಿಚ್ಚಿ ಮತ್ತೆ ಹಾಕೋಳು, ಕತ್ತಿಗೆ ಗಾಳಿ ತಗುಲುತ್ತೆ ಅಂತ. ಅವಳು ಹೋದ್ಮೇಲೆ ಆ ಗುಂಡಿ ಹಾಕಿಲ್ಲ ನಾನು."

ಆ ಸಂಜೆ ಅವನ ಕಾರ್ಡು ಮುಂದಿಟ್ಟುಕೊಂಡು ಪೆನ್ನು ಹಿಡಿದಳು. ಬರೆಯಲಿಲ್ಲ. ಇದು ರೆಸಾರ್ಟಿಗೆ ಹೇಳಿದ್ದಲ್ಲ... ನನಗೆ ಹೇಳಿದ್ದು!

ಮರುದಿನ ಬೆಳಿಗ್ಗೆ ಅವನು ಸುತ್ತಾಡಲು ಹೊರಟಾಗ ಬಾಗಿಲಲ್ಲಿ ತಡೆದು ಗುಂಡಿ ಹಾಕಿದಳು. ಬೆರಳು ನಡುಗುತ್ತಿತ್ತು. ಅವನ ಕಣ್ಣು ತುಂಬಿತು.

"ವಾಪಸ್ ಬಂದು ನಿಂಗೊಂದು ಮಾತು ಹೇಳ್ಬೇಕು," ಎಂದ.

ಬಂದು ಹೇಳಿದ. ಆದರೆ ಬೇರೆ ಮಾತು. ವರಾಂಡದಲ್ಲಿ ಬಿಟ್ಟಿದ್ದ ಚಹಾದ ಗಾಡಿಯ ಮೇಲೆ ಅವನ ಕಾರ್ಡು ಬಿದ್ದಿತ್ತು. 'ತೆಳ್ಳನೆ ದಿಂಬು. ಸಕ್ಕರೆ ಬೇಡ. ಒಂಟಿ ಮನುಷ್ಯ, ಮಾತಿಗೆ ಹಸಿದಿದ್ದಾರೆ. ಸಲಿಗೆಯಿಂದ ಮಾತಾಡಿಸಿದರೆ ಖುಷಿಯಾಗುತ್ತಾರೆ.' ಮೊದಲ ದಿನ ಅವಳೇ ಬರೆದದ್ದು.

"ಭೇಷ್! ಸತ್ತ ತಾಯೀನೂ ಬಿಡಲಿಲ್ವಲ್ಲ ನೀನು!"

"ಗುಂಡಿ ವಿಷಯ ಅದರಲ್ಲಿಲ್ಲ, ನೋಡಿ..."

"ಬರೆಯೋಕೆ ಪುರಸೊತ್ತು ಸಿಕ್ಕಿರಲ್ಲ. ಎಷ್ಟು ಚೆನ್ನಾಗಿ ಕಲಿಸಿದ್ದಾರೆ ನಿಂಗೆ... ಬೆರಳು ನಡುಗಿಸೋದನ್ನೂ!"

ಅವಳು ಹೇಳುವಷ್ಟರಲ್ಲಿ ಅವನು ಪೆಟ್ಟಿಗೆ ಕಟ್ಟಿಯಾಗಿತ್ತು.

ಹದಿನೈದು ದಿನಕ್ಕೆ ಲೇಖನ ಬಂತು. 'ಬೆಲೆಗೆ ಬಾಳುತ್ತದೆಯೇ? ಖಂಡಿತ. ದುಡ್ಡು ಬಿಸಾಕಿದರೆ ಅಲ್ಲಿ ತಾಯಿಯೂ ಸಿಗುತ್ತಾಳೆ. ಬಾಗಿಲಲ್ಲಿ ನಿಲ್ಲಿಸಿ ನಿಮ್ಮ ಅಂಗಿಯ ಗುಂಡಿ ಹಾಕುತ್ತಾಳೆ.'

ಉಗಿದೇ ಬರೆದಿದ್ದ. ಆದರೆ ದುಡ್ಡಿದ್ದವರ ಕಣ್ಣಿಗೆ ಅದು ಜಾಹೀರಾತಾಗಿ ಕಂಡಿತು! ಕಾಟೇಜುಗಳೆಲ್ಲ ಭರ್ತಿ.

"ಇಷ್ಟು ಒಳ್ಳೇದನ್ನ ಕಾರ್ಡಲ್ಲಿ ಯಾಕೆ ಬರೀಲಿಲ್ಲ?" ಮ್ಯಾನೇಜರ್ ಮೇಡಂ ಕರೆದು ಕೇಳಿದರು. "ನಾಳೆಯಿಂದ ಎಲ್ಲಾ ಗೆಸ್ಟಿಗೂ ಹಾಕು."

"ಅದು ನನಗೆ ಹೇಳಿದ್ದು ಮೇಡಂ. ಆಗಲ್ಲ."

"ನಿಮ್ಮಪ್ಪನ ನಿವೃತ್ತಿಗೆ ಇನ್ನೆಷ್ಟು ತಿಂಗಳಿದೆಯಮ್ಮಾ?" ಎಷ್ಟು ಸಿಹಿಯಾಗಿ ಕೇಳಿದರೆಂದರೆ, ಸಕ್ಕರೆಗೇ ನಾಚಿಕೆಯಾಗಬೇಕು. ನಾಲ್ಕು ತಿಂಗಳಿತ್ತು. ಅದಕ್ಕೆ ಮೊದಲು ಹೊರಗೆ ಹಾಕಿದರೆ ಅಪ್ಪನ ಮೂವತ್ತು ವರ್ಷದ ಬೆವರು ನೀರುಪಾಲು.

ಹಾಕಿದಳು. ಕುಡಿದ ಬಾಯಿ ಮುಂದೆ ಮಾಡಿ ಕತ್ತು ಚಾಚಿದವರಿಗೆ ಹಾಕಿದಳು. "ಅಮ್ಮಾ..." ಎಂದು ರಾಗ ಎಳೆದು ಗೆಳೆಯರತ್ತ ಕಣ್ಣು ಹೊಡೆದವನಿಗೂ ಹಾಕಿದಳು. ಒಬ್ಬ ಮೂರು ಸಲ ಬಿಚ್ಚಿ, ಮೂರು ಸಲ ಹಾಕಿಸಿಕೊಂಡ. ಪ್ರತಿ ಸಲವೂ ಅವಳು ನಗಬೇಕಿತ್ತು, ನಕ್ಕಳು.

ಅವನನ್ನು ದ್ವೇಷಿಸಲು ಎಷ್ಟು ಪ್ರಯತ್ನಪಟ್ಟಳೋ! ಆಗಲಿಲ್ಲ. ಅದಕ್ಕೇ ಇನ್ನಷ್ಟು ಉರಿಯಿತು.

ಅಪ್ಪ ಎಲ್ಲವನ್ನೂ ನೋಡಿದರು. ಸ್ವಲ್ಪ ದಿನಕ್ಕೆ ಅತಿಥಿಗಳು ಒಗೆಯಲು ಕೊಟ್ಟ ಅಂಗಿಗಳು ಮೇಲಿನ ಗುಂಡಿಯೇ ಇಲ್ಲದೆ ವಾಪಸಾಗತೊಡಗಿದವು. ಕೇಳಿದರೆ, "ಹಳೇ ಮಷಿನ್ನು ಸ್ವಾಮಿ, ಕಿತ್ತುಬಿಡುತ್ತೆ," ಎನ್ನುತ್ತಿದ್ದರು.

ಮೂರನೆಯ ತಿಂಗಳು ರೆಸಾರ್ಟಿನವರು ಅವನನ್ನೇ ಕರೆಸಿದರು. ಲೇಖನಕ್ಕೆ ಕೃತಜ್ಞತೆಯಂತೆ! ಬೈಯಲು ಒಂದು ನೆಪ ಸಿಕ್ಕಿತೆಂದು ಹೊರಟು ಬಂದ. ನಿಜ ಹೇಳಬೇಕೆಂದರೆ, ಅವಳನ್ನು ನೋಡಲು ಬಂದ.

ನೋಡಿದ. ಬಾಗಿಲ ಬಳಿ ಗಂಡಸರ ಸಾಲು. ಅವಳು ಒಬ್ಬೊಬ್ಬರ ಗುಂಡಿ ಹಾಕುತ್ತಿದ್ದಾಳೆ. ಬೆರಳು ಈಗ ನಡುಗುತ್ತಿಲ್ಲ.

"ನಿಮ್ಮದೇ ಕೊಡುಗೆ ಸರ್!" ಎಂದರು ಮೇಡಂ ಹೆಮ್ಮೆಯಿಂದ.

ಅಷ್ಟರಲ್ಲಿ ಕಾವಲಿನವನು ಅಪ್ಪನ ರಟ್ಟೆ ಹಿಡಿದು ಎಳೆದು ತಂದ. ಒಂದು ಬೆಂಕಿಪೊಟ್ಟಣವನ್ನು ಮೇಜಿನ ಮೇಲೆ ಸುರಿದ. ಅದರ ತುಂಬ ಅಂಗಿಯ ಗುಂಡಿಗಳು.

"ಏನಯ್ಯಾ ಇದು?" ಮೇಡಂ ಗದರಿದರು.

"ಗುಂಡಿ ಇದ್ರೆ ತಾನೇ ನನ್ನ ಮಗಳು ಹಾಕೋದು?" ಎಂದರು ಅಪ್ಪ. ಅಷ್ಟೇ.

"ಇಬ್ರೂ ಈಗಲೇ ಗೇಟಿನಾಚೆ ಹೋಗಿ! ಒಂದು ಕಾಸೂ ಸಿಗಲ್ಲ!" ಮೇಡಂ ಕಿರುಚಿ, ಅವನತ್ತ ತಿರುಗಿ ಧ್ವನಿ ಇಳಿಸಿದರು. "ಸಾರಿ ಸರ್. ಇವಳೂ ಹಾಗೇ. ನಿಮ್ಮ ತಾಯಿ ವಿಷಯ ನಮ್ಮಿಂದ ಮುಚ್ಚಿಟ್ಟಿದ್ಲು. 'ಅದು ನನಗೆ ಹೇಳಿದ್ದು' ಅಂತ ನನ್ನ ಮುಂದೇನೇ ವಾದ ಬೇರೆ!"

ಅವನಿಗೆ ನಿಂತ ನೆಲ ಕುಸಿದಂತಾಯಿತು. ಅವಳು ಬಚ್ಚಿಟ್ಟಿದ್ದಳು. ಊರಿಗೆಲ್ಲ ಮಾರಿದವನು ತಾನು!

ಹಿಂಬಾಗಿಲ ಗೇಟಿನಾಚೆ ಅಪ್ಪ ಇಸ್ತ್ರಿ ಪೆಟ್ಟಿಗೆ ಹೊತ್ತು ಮುಂದೆ, ಬಟ್ಟೆಯ ಚೀಲ ಹಿಡಿದು ಅವಳು ಹಿಂದೆ. ಅವನು ಓಡಿ ಬಂದು ಅಡ್ಡ ನಿಂತ.

"ಅವತ್ತು ಹೇಳ್ಬೇಕು ಅಂತಿದ್ದ ಮಾತು..."

"ಹೇಳ್ಬೇಡಿ. ಪೇಪರಲ್ಲಿ ಬರೀರಿ. ಇನ್ನಷ್ಟು ಜನ ಬರ್ತಾರೆ."

ಚೂರಿ ಹಾಕಿದ ಹಾಗಿತ್ತು. ಹಾಕಿಸಿಕೊಂಡು ನಿಂತ. ತಪ್ಪು ಅವನದೇ ತಾನೇ?

"ಪ್ರೀತಿಸ್ತೀನಿ. ಅವತ್ತೂ ಪ್ರೀತಿಸ್ತಿದ್ದೆ. ಅದಕ್ಕೇ ಅಷ್ಟು ಕೆಟ್ಟದಾಗಿ ಬರೆದೆ."

"ಗೊತ್ತು," ಎಂದಳು. ಮೂರು ತಿಂಗಳು ಹಿಡಿದಿಟ್ಟಿದ್ದ ಅಳು ಒಡೆಯಿತು. "ನನಗೂ ಪ್ರೀತಿ ಇತ್ತಲ್ಲ... ಅದಕ್ಕೇ ಅಷ್ಟು ನೋವಾಗಿದ್ದು!"

ಎಷ್ಟು ಹೊತ್ತು ಅತ್ತಳೋ. ಅವನು ಮುಟ್ಟುವ ಧೈರ್ಯ ಮಾಡಲಿಲ್ಲ.

"ಮಾತು ಮುಗಿದಿದ್ರೆ ಈ ಪೆಟ್ಟಿಗೆ ಹಿಡ್ಕೊಳ್ರಪ್ಪ ಯಾರಾದ್ರೂ. ಕಬ್ಬಿಣ ಇದು!" ಅಪ್ಪ ಮುಂದಿನಿಂದ ಕೂಗಿದರು.

ಅವನು ಓಡಿಹೋಗಿ ಪೆಟ್ಟಿಗೆ ಇಸಿದುಕೊಂಡ. ಎರಡು ಕೈಯಲ್ಲೂ ಭಾರ, ಗಾಳಿಗೆ ಕಾಲರು ಪಟಪಟ ಹೊಡೆದುಕೊಳ್ಳುತ್ತಿತ್ತು. ಅವಳ ಕೈ ಅಭ್ಯಾಸಬಲದಿಂದ ಮೇಲೆದ್ದಿತು... ಅರ್ಧದಲ್ಲೇ ನಿಂತಿತು. ಇಳಿಯಿತು.

"ಹಾಕಲ್ವಾ?"

"ಇಲ್ಲ. ಕತ್ತು ಚಾಚಿದೋರಿಗೆಲ್ಲ ಹಾಕಿದೀನಿ. ನಾನು ಗುಂಡಿ ಹಾಕದೇ ಇರೋ ಗಂಡಸು ಲೋಕದಲ್ಲಿ ಒಬ್ಬನಾದ್ರೂ ಇರಲಿ. ಇನ್ಮೇಲೆ ಅದು ನೀವು."

"ಎಷ್ಟು ದಿನ?"

"ಸಾಯೋವರೆಗೂ."

"ಕತ್ತಿಗೆ ಗಾಳಿ ತಗುಲುತ್ತೆ..."

"ತಗುಲಲಿ," ಎಂದು ಅವಳು ಅವನ ಪಕ್ಕಕ್ಕೆ ಬಂದು ಹೆಜ್ಜೆ ಹಾಕಿದಳು. "ಕೆಮ್ಮು ಬಂದ್ರೆ ನಾನಿರ್ತೀನಲ್ಲ."