ಹಸಿರು ಟೇಪಿನ ಟ್ಯೂಬುಗಳು

ಟ್ಯೂಬಿಗೆ ಬರೀ ನೀರು ಹಾಕಿದರೂ ಹಳದಿ ಬರಲಿಲ್ಲ. ಅವಳಿಗೆ ತಲೆ ಚಿಟ್ಟು ಹಿಡಿದುಹೋಯಿತು.

ಮಿದುಳಿನಲ್ಲಿ ನೆನಪಿಗೆ ಬೇಕಾದ ರಾಸಾಯನಿಕವನ್ನು ಒಡೆದುಹಾಕುವ ಕಿಣ್ವವೊಂದಿದೆ. ಅದು ಚುರುಕಾಗಿದ್ದರೆ ಟ್ಯೂಬಿನ ನೀರು ಹಳದಿಯಾಗುತ್ತದೆ. ಒಂದೆಲಗದ ಸಾರ ಅದರ ಕೈ ಕಟ್ಟಿಹಾಕಿದರೆ ಹಳದಿಯಾಗುವುದಿಲ್ಲ. ಇಷ್ಟು ವರ್ಷ ಅರೆಬರೆ ಹಳದಿ ತೋರಿಸಿ ಅವಳನ್ನು ಗೋಳು ಹೊಯ್ದುಕೊಂಡಿದ್ದ ಸಾರ, ಈ ವಾರ ಕಿಣ್ವವನ್ನು ಪೂರ್ತಿ ನಿಲ್ಲಿಸಿಬಿಟ್ಟಿತ್ತು. ಗೈಡ್ ಮೇಡಂ ಹಿಗ್ಗಿ ಹೀರೇಕಾಯಿಯಾಗಿ, ಮಧ್ಯಾಹ್ನದ ಸಭೆಯಲ್ಲಿ ಎಲ್ಲರಿಗೂ ಸಾರಲು ಹೊರಟಿದ್ದರು. ಯಾಕೋ ಅನುಮಾನ ಬಂದು ಅವಳು ಸಾರದ ಬದಲು ನೀರು ಹಾಕಿ ನೋಡಿದಳು. ನೀರಿಗೂ ಕಿಣ್ವ ನಿಂತಿತು! ಈ ಸುಳ್ಳು ಸಭೆಗೆ ಹೋದರೆ ಅವಳ ಮಾತನ್ನು ಮುಂದೆ ಯಾರೂ ನಂಬುವಂತಿರಲಿಲ್ಲ.

ದಡದಡನೆ ಪಕ್ಕದ ಕೋಣೆಗೆ ನುಗ್ಗಿದಳು. ಅಲ್ಲಿ ಎಲೆ ಒಣಗಿಸಿ, ಪುಡಿಮಾಡಿ, ಸಾರ ತೆಗೆಯುವವನಿಗೆ ಇಡೀ ಲ್ಯಾಬು ಇಟ್ಟ ಹೆಸರು ಕಷಾಯ. ಜರಡಿ ಹಿಡಿದು ನಿಂತಿದ್ದ. ರೆಪ್ಪೆಯ ಮೇಲೂ ಹಸಿರು ಪುಡಿ. ಅದು ಅವನಿಗೆ ಒಪ್ಪುತ್ತಿದ್ದುದು ನೋಡಿ ಅವಳಿಗೆ ಇನ್ನೂ ಸಿಟ್ಟು ಬಂತು.

"ಏನು ಬೆರೆಸಿದ್ರಿ, ಕಷಾಯ? ನನ್ನ ನೀರು ಕೂಡ ಔಷಧಿ ಆಗಿ ಕೂತಿದೆ!"

"ನೀರಿನ ತಂಟೆಗೆ ನಾನ್ಯಾಕೆ ಹೋಗ್ಲಿ? ನಿಮ್ಮ ಮುಖ ನೋಡಿ ಕಿಣ್ವ ಹೆದರಿರ್ಬೇಕು."

"ತಮಾಷೆ ಬೇಡ. ಬಿಳಿ ಟೇಪಿನ ಟ್ಯೂಬಲ್ಲಿ ಅದೇ ನೀರು ಹಳದಿ ಆಗುತ್ತೆ. ಹಸಿರು ಟೇಪಿನದ್ರಲ್ಲಿ ಮಾತ್ರ ಆಗಲ್ಲ."

ಅವನ ನಗು ಇಳಿಯಿತು. ಸಾರಕ್ಕೆ ಹಸಿರು ಟೇಪು, ನೀರಿಗೆ ಬಿಳಿ ಟೇಪು, ಅದಕ್ಕಿದು ಸೇರಕೂಡದು ಎಂಬ ಅವಳ ಕಟ್ಟುನಿಟ್ಟು ಅವನಿಗೂ ಗೊತ್ತಿತ್ತು.

"ಹಸಿರಿನವನ್ನ ನಾನು ತೊಳೀತಿದ್ದೆ," ಎಂದ ಮೆಲ್ಲಗೆ.

"ನೀವಾ?" ಈ ವಾರ ಬೆಳಿಗ್ಗೆ ಬೆಳಿಗ್ಗೆ ಫಳಫಳ ಹೊಳೆಯುತ್ತಿದ್ದ ಟ್ಯೂಬು ನೋಡಿ, ಕ್ಲೀನಿಂಗಿನವರು ಕೊನೆಗೂ ಮನಸ್ಸು ಮಾಡಿದರೆಂದು ಅವಳು ಭಾವಿಸಿದ್ದಳು.

"ಸಾರದ ಕಲೆ ಉಜ್ಜಿ ಉಜ್ಜಿ ನಿಮ್ಮ ಬೆರಳೆಲ್ಲ ಸುಲಿದುಹೋಗಿತ್ತು. ನೋಡೋಕಾಗ್ಲಿಲ್ಲ. ಸೋಪಲ್ಲಿ ನೆನೆಸಿ, ಉಜ್ಜಿ..."

"ಆಮೇಲೆ ಎಷ್ಟು ಸಲ ಜಾಲಿಸಿದ್ರಿ?"

"ಒಂದ್ಸಲ."

"ಒಂದ್ಸಲ! ಸೋಪು ಉಳಿದ್ರೆ ಕಿಣ್ವ ಕೆಲಸ ಮಾಡುತ್ತೇನ್ರೀ? ಗೆದ್ದಿದ್ದು ನನ್ನ ಒಂದೆಲಗ ಅಲ್ಲ, ನಿಮ್ಮ ಸೋಪು! ಒಂದು ಮಾತು ಹೇಳೋಕೇನಾಗಿತ್ತು?"

"ಯಾಕೆ ತೊಳೆದೆ ಅಂತ ಕೇಳ್ತಿದ್ರಿ."

"ಕೇಳ್ತಿದ್ದೆ. ಈಗ್ಲೂ ಕೇಳ್ತಿದ್ದೀನಿ."

ಅವನು ಜರಡಿ ಕೆಳಗಿಟ್ಟ. "ನೀವಂದ್ರೆ ಇಷ್ಟ. ಅದಕ್ಕೆ."

ಅವಳಿಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. "ಇಷ್ಟ ಅನ್ನೋದನ್ನ ಬಾಯಲ್ಲಿ ಹೇಳ್ತಾರೆ. ಸಿಂಕಲ್ಲಿ ಅಲ್ಲ," ಎಂದು ಸಿಡುಕಿ, ಮೇಡಂಗೆ ಫೋನ್ ಮಾಡಿದಳು. "ಮೇಡಂ, ಸಭೆಯಲ್ಲಿ ಹೇಳ್ಬೇಡಿ. ಫಲಿತಾಂಶ ತಪ್ಪು. ಟ್ಯೂಬಲ್ಲಿ ಸೋಪಿತ್ತು. ಇಲ್ಲ ಮೇಡಂ, ಬೇರೆಯವರ ತಪ್ಪಲ್ಲ. ನೋಡಿಕೊಳ್ಳಬೇಕಾದವಳು ನಾನು."

ಫೋನ್ ಇಟ್ಟಾಗ ಅವನು ತನ್ನನ್ನೇ ನೋಡುತ್ತಿದ್ದುದು ಅವಳಿಗೆ ಕಂಡಿತು. ಅವನ ಹೆಸರು ಹೇಳದೆ ಉಳಿಸಿದ್ದಳು.

ಇಬ್ಬರೂ ಸಿಂಕಿನ ಮುಂದೆ ನಿಂತು ಹಸಿರು ಟೇಪಿನ ಟ್ಯೂಬುಗಳನ್ನೆಲ್ಲ ಮತ್ತೆ ಮತ್ತೆ ಜಾಲಿಸಿದರು. ಸಾರ ಹಾಕಿ ಕಾದರು. ಬಂತು ಅದೇ ಹಳೆಯ ಅರೆಬರೆ ಹಳದಿ. ಅವಳ ಕಣ್ಣು ತುಂಬಿತು.

"ತುಂಬಾ ಬೇಜಾರಾ?"

"ಆಗದೆ? ಆದ್ರೆ ಇದು ನಿಜ."

"ಇನ್ಮೇಲೆ ನಿಮ್ಮ ಟ್ಯೂಬು ಮುಟ್ಟಲ್ಲ."

"ಮುಟ್ಟದೆ ಎಲ್ಲಿ ಹೋಗ್ತೀರಿ? ತೊಳೀಬೇಕು. ಕದ್ದುಮುಚ್ಚಿ ಅಲ್ಲ, ನನ್ನ ಪಕ್ಕ ನಿಂತು. ನಾನು ಸಾಕು ಅನ್ನೋವರೆಗೂ ಜಾಲಿಸ್ಬೇಕು."

"ಸಾಕು ಅಂತ ಯಾವಾಗ ಅಂತೀರಿ?"

ಅವಳು ಹುಬ್ಬು ಗಂಟಿಕ್ಕಿಕೊಂಡೇ, ಅವನ ರೆಪ್ಪೆಯ ಮೇಲಿನ ಹಸಿರು ಪುಡಿಯನ್ನು ಒದ್ದೆ ಬೆರಳಿನಿಂದ ಒರೆಸಿದಳು.

"ನಾನು ಸಾಕು ಅಂದ್ರೆ ತಾನೇ, ಪೆದ್ದ. ನೀನು ಸುಮ್ನೆ ನಲ್ಲಿ ತಿರುಗಿಸು."