ಕೆಂಪು ಟೊಪ್ಪಿಯ ಪಲ್ಟಣದವನು

ಹೊನ್ನಾವರದಾಚೆಯ ಕಾಸರಕೋಡಿನಲ್ಲಿ, ಕಡಲತೀರದ ಹೊಯಿಗೆಯ ಮೇಲೆ ಒಬ್ಬ ಗಂಡಸು ಬಿದ್ದು ಹೊರಳುವುದನ್ನು ದೇವಿ ಕಂಡದ್ದು ಒಂದು ಬೆಳಿಗ್ಗೆ. ಮಳೆಗಾಲ ಆಗಷ್ಟೇ ಮುಗಿದು ದೋಣಿಗಳು ಮತ್ತೆ ನೀರಿಗೆ ಇಳಿಯುತ್ತಿದ್ದವು. ದಡಕ್ಕೆ ಎಳೆದಿಟ್ಟಿದ್ದ ದೊಡ್ಡ ದೋಣಿಯ ಮೂತಿಯ ಮೇಲೆ ಅವನು ನಿಂತಿದ್ದ. ಇದ್ದಕ್ಕಿದ್ದಂತೆ ಕೆಳಗೆ ಬಿದ್ದ, ಒಂದು ಮಗ್ಗುಲಿಗೆ ಉರುಳಿದ, ಕಾಲು ಆಕಾಶಕ್ಕೆ ಹೋಯಿತು, ಮೈ ಒಮ್ಮೆ ನಡುಗಿತು.

ದೇವಿ ತಲೆಯ ಮೇಲಿದ್ದ ಬಟ್ಟೆಯ ಹೊರೆಯನ್ನು ಅಲ್ಲೇ ಒಗೆದು ಓಡಿದಳು. ಮೂರ್ಛೆರೋಗದವರ ಕೈಗೆ ಕಬ್ಬಿಣ ಕೊಡಬೇಕು ಎಂದು ಅವಳಿಗೆ ಗೊತ್ತಿತ್ತು. ಸೊಂಟದಲ್ಲಿದ್ದ ಬೀಗದಕೈ ಗೊಂಚಲನ್ನು ಅವನ ಮುಷ್ಟಿಗೆ ತುರುಕಿ, ಎದ್ದು ಹೋಗದಂತೆ ಹೆಗಲನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು.

ಅವನು ಕಣ್ಣು ಬಿಟ್ಟು ಅವಳನ್ನೇ ನೋಡಿದ. ರೋಗದ ಕಣ್ಣಲ್ಲ ಅದು. ತುಂಬ ಎಚ್ಚರದ, ಸ್ವಲ್ಪ ತುಂಟ ಕಣ್ಣು.

"ಈ ಬೀಗದಕೈ ಯಾವ ಮನೇದು?" ಎಂದು ಕೇಳಿದ.

"ನಮ್ಮ ಹಾಯಿ ಕೊಟ್ಟಿಗೇದು. ಮಾತಾಡಬೇಡಿ. ಹಂಗೇ ಮಲಗಿ."

"ನಂಗೆ ಎಂತದೂ ಆಗಲಿಲ್ಲ ಮಾರಾಯ್ತಿ. ಬೀಳೂದನ್ನ ಅಭ್ಯಾಸ ಮಾಡ್ತಿದ್ದೆ."

ದೇವಿ ಕೈ ತೆಗೆದಳು. ಮುಖ ಕಿವಿಯವರೆಗೂ ಬಿಸಿಯಾಯಿತು. "ಏಳೂದು ಕಲಿಯೋರನ್ನ ನೋಡಿದ್ದೆ. ಬೀಳೂದು ಕಲಿಯೋರನ್ನ ಈಗಲೇ ನೋಡಿದ್ದು," ಎಂದು ಬೀಗದಕೈ ಕಿತ್ತುಕೊಂಡು, ತಿರುಗಿ ನೋಡದೆ ಹೊರೆಯತ್ತ ನಡೆದಳು. ಹಿಂದಿನಿಂದ ನಗು ಕೇಳುತ್ತಲೇ ಇತ್ತು.

ಅವನ ಹೆಸರು ಈರ ಎಂದು ಮಧ್ಯಾಹ್ನದೊಳಗೆ ಅವಳಿಗೆ ತಿಳಿಯಿತು. ಅಪ್ಪ ಇದೇ ಕಾಸರಕೋಡಿನವನು. ಮಚ್ವೆ ಎಂಬ ಸರಕು ದೋಣಿಯಲ್ಲಿ ಹೆಂಚು ಸಾಗಿಸುತ್ತ ಹೋಗಿ ದಕ್ಷಿಣದಲ್ಲೇ ಮನೆ ಮಾಡಿದವನು. ಅಲ್ಲಿ ತನ್ನವರು ಯಾರೂ ಉಳಿಯದೆ ಈರ ಈಗ ಸೋದರತ್ತೆಯ ಮನೆಗೆ ಬಂದಿಳಿದಿದ್ದ. ಮಾರನೆ ದಿನ ಹರಿದ ಚೀಲವೊಂದನ್ನು ಹಿಡಿದು ಹಾಯಿ ಕೊಟ್ಟಿಗೆಗೂ ಬಂದ. ದೇವಿಯ ಅಪ್ಪ ಸುಬ್ಬ ಊರಿನ ದೋಣಿಗಳಿಗೆಲ್ಲ ಹಾಯಿ ಹೊಲಿಯುವವನು. ತಾಯಿಯಿಲ್ಲದ ಮಗಳಿಗೆ ದಬ್ಬಣ ಹಿಡಿಯುವುದನ್ನು ಅವನೇ ಕಲಿಸಿದ್ದ.

"ಹುಟ್ಟಿದ್ದು ಎಲ್ಲಿ?" ಎಂದು ಸುಬ್ಬ ಕೇಳಿದ.

"ಮಾಹೆಯಲ್ಲಿ."

ದೇವಿ ದಬ್ಬಣದಿಂದ ಕಣ್ಣೆತ್ತದೆ, "ಯಾವ ಮಾಹೆಯಲ್ಲಿ? ಶ್ರಾವಣವೋ, ಭಾದ್ರಪದವೋ?" ಎಂದಳು.

ಈರ ನಕ್ಕುಬಿಟ್ಟ. "ಊರಿನ ಹೆಸರು ಅದು. ಕೇರಳದ ನಡುವೆ ಫ್ರೆಂಚರ ಊರು ಇತ್ತಲ್ಲ, ಅದು."

ಹಾಗೆ ಶುರುವಾದದ್ದು. ಫ್ರೆಂಚರ ಊರಿನಲ್ಲಿ ಹುಟ್ಟಿದವನು ಹದಿನೆಂಟಕ್ಕೆ ಫ್ರೆಂಚರ ಸೈನ್ಯ ಸೇರಿದ್ದ. ವಿಮಾನದಿಂದ ಹಾರುವ ಕಾಲಾಳುಗಳ ಪಲ್ಟಣ. ಮೊದಲು ಇಂಡೋಚೀನದ ಗದ್ದೆಗಳ ಮೇಲೆ, ಆಮೇಲೆ ಅಲ್ಜೀರಿಯದ ಕಲ್ಲುಗುಡ್ಡಗಳ ಮೇಲೆ ಹಾರಿದ್ದ. ಗುಡ್ಡದ ಮೇಲೆ ಇಳಿಯುವಾಗ ಬಲಮೊಣಕಾಲು ತಿರುಚಿಹೋಗಿ, ಗುಣವಾಗುವವರೆಗೆ ಊರಲ್ಲಿರು ಎಂದು ಕಳಿಸಿದ್ದರು. ಕಾಲು ನೆಟ್ಟಗಾದರೆ ಮತ್ತೆ ಪಲ್ಟಣಕ್ಕೆ. ಅದಕ್ಕೇ ಬೆಳಿಗ್ಗೆ ಬೆಳಿಗ್ಗೆ ಆ ಬೀಳುವ ಆಟ.

ಚೀಲ ಹೊಲಿದಾಯಿತು, ಆದರೂ ಅವನು ಬರುವುದು ನಿಲ್ಲಲಿಲ್ಲ. ದೇವಿಯ ಎದುರು ಕೂತು ಹಾಯಿಯ ಇನ್ನೊಂದು ತುದಿಯನ್ನು ಬಿಗಿಹಿಡಿದು ಕೊಡುತ್ತಿದ್ದ. ಅವಳು ಹೊಲಿಯುತ್ತ ಹೊಲಿಯುತ್ತ ಅವನ ಕಡೆಗೆ ಸರಿಯಬೇಕಾಗುತ್ತಿತ್ತು. ಹೊಲಿಗೆ ಮುಗಿಯುವ ಹೊತ್ತಿಗೆ ಇಬ್ಬರ ಬೆರಳಿನ ನಡುವೆ ಒಂದು ಗೇಣು ಬಟ್ಟೆಯೂ ಉಳಿಯುತ್ತಿರಲಿಲ್ಲ. ಅಲ್ಲಿ ಅವಳ ಹೊಲಿಗೆ ಯಾವಾಗಲೂ ಸ್ವಲ್ಪ ನಿಧಾನವಾಗುತ್ತಿತ್ತು.

"ನಿಮ್ಮ ಪಲ್ಟಣದಲ್ಲಿ ಹೊಲಿಗೆ ಇತ್ತಾ?"

"ಮಡಚೂದು ಇತ್ತು. ಉದ್ದ ಮೇಜಿನ ಮೇಲೆ ಪ್ಯಾರಾಶೂಟು ಹಾಸಿ ಮಡಚೂದು. ಮಡಚುವಾಗ ಯಾರೂ ಮಾತಾಡೂ ಹಂಗಿಲ್ಲ. ಮಡಚಿದವನನ್ನೇ ಕರೆದು, 'ಇದನ್ನ ಕಟ್ಟಿಕೊಂಡು ನೀನೇ ಹಾರು' ಅಂದರೆ ಅವ ಹಾರಬೇಕು. ಹಳೇ ಪದ್ಧತಿ."

"ಚಲೋ ಪದ್ಧತಿ. ನಾ ಹೊಲಿದ ಹಾಯಿಯ ಅಡಿಯಲ್ಲಿ ನನ್ನನ್ನೇ ಕೂರಿಸಿದರೆ ಹೋಗ್ತಿದ್ದೆ ನಾನು. ಹೆಂಗಸರನ್ನ ಯಾರೂ ಕರೆಯೂದಿಲ್ಲ."

ಅವನು ಅವಳನ್ನು ನೋಡಿದ. ನೋಟ ಅವಳ ಹಣೆಯ ಬೆವರಿನಿಂದ ಇಳಿದು, ದಾರ ಕಚ್ಚಿದ ತುಟಿಯ ಬಳಿ ಬಂದು, ತಪ್ಪು ಮಾಡಿದವನಂತೆ ತಟ್ಟನೆ ಸಮುದ್ರದ ಕಡೆ ಓಡಿತು. ದೇವಿ ಬೇಕೆಂದೇ ದಾರವನ್ನು ಕಡಿಯಲು ತಡಮಾಡಿದಳು.

ಕೆಂಪು ಟೊಪ್ಪಿ ತೋರಿಸಿದ್ದೂ ಆಗಲೇ. ಮೆತ್ತನೆಯ ಉಣ್ಣೆಯದು, ಒಂದು ಬದಿಗೆ ಇಳಿಬಿಟ್ಟು ಹಾಕುವಂಥದ್ದು. ರೆಕ್ಕೆಯಿರುವ ತೋಳೊಂದು ಕಠಾರಿ ಹಿಡಿದ ಬಿಲ್ಲೆ ಅದರ ಬಲಕ್ಕೆ. ಉಳಿದ ಸೈನಿಕರೆಲ್ಲ ಬಿಲ್ಲೆಯನ್ನು ಎಡಕ್ಕೆ ಹಾಕಿದರೆ ತಾವು ಮಾತ್ರ ಬಲಕ್ಕೆ ಹಾಕುವುದೆಂದು ಹೇಳುವಾಗ ಈರನ ಬೆನ್ನು ತಾನಾಗಿ ನೆಟ್ಟಗಾಯಿತು.

"ಅಲ್ಜೀರಿಯದವರು," ದೇವಿ ಒಂದು ದಿನ ಕೇಳಿದಳು, "ಅವರೂ ನಮ್ಮ ಹಂಗೇ ಬಿಳಿಯರು ಹೋಗಲಿ ಅಂದವರೇ ಅಲ್ದಾ?"

ಈರ ಬಿಗಿಹಿಡಿದಿದ್ದ ಹಾಯಿಯ ತುದಿಯನ್ನು ಸಡಿಲ ಬಿಟ್ಟ. "ಹೌದು. ಅದಕ್ಕೇ ನಿದ್ದೆ ಸರಿ ಬರೂದಿಲ್ಲ."

"ಆದರೂ ವಾಪಸು ಹೋಗಬೇಕಾ?"

"ನನ್ನವರು ಅಂತ ಇದ್ದವರೆಲ್ಲ ಅಲ್ಲೇ ಇದ್ದಾರೆ."

ಆ ಮಾತು ಅವಳ ಎದೆಯಲ್ಲಿ ಮೀನಿನ ಮುಳ್ಳಿನಂತೆ ಚುಚ್ಚಿಕೊಂಡಿತು. ಅಂದಿನಿಂದ ಬೆಳಿಗ್ಗೆ ಅವನು ದೋಣಿಯಿಂದ ಹಾರುವುದನ್ನು ಕೊಟ್ಟಿಗೆಯ ಸಂದಿಯಿಂದ ನೋಡುವಾಗ, ಅವನು ಚೆನ್ನಾಗಿ ಉರುಳಿ ಎದ್ದರೆ ಅವಳಿಗೆ ಸಂಕಟ, ಎಡವಿ ಬಿದ್ದರೂ ಸಂಕಟ. ಎರಡರಲ್ಲಿ ಯಾವುದು ಬೇಕೆಂದು ಅವಳಿಗೇ ಗೊತ್ತಿರಲಿಲ್ಲ. ಕೈಯಲ್ಲಿದ್ದ ಹಾಯಿಗೆ ಎರಡೆರಡು ಸಲ ಹೊಲಿಗೆ ಬಿಚ್ಚಿ ಹಾಕಿದಳು.

ಬೇಸಿಗೆಯಲ್ಲಿ ಆ ಸುದ್ದಿ ಬಂತು. ಹೊನ್ನಾವರದ ಬಂದರಿನ ಹತ್ತಿರ ಲಿಂಗಪ್ಪನ ಚಹಾದಂಗಡಿಯಲ್ಲಿ ರೇಡಿಯೋ ಇತ್ತು. ದೇವಿ ಅಪ್ಪನ ಜೊತೆ ಹಾಯಿ ಬಟ್ಟೆ ಕೊಳ್ಳಲು ಹೊಳೆ ದಾಟಿ ಬಂದಿದ್ದಳು. ಅಂಗಡಿಯ ಮುಂದೆ ಜನ ಸೇರಿತ್ತು. ಅಲ್ಜೀರಿಯದ ರಾಜಧಾನಿ ಅಲ್ಜೀರ್ಸಿನಲ್ಲಿ ದಂಡನಾಯಕರು ಪ್ಯಾರಾಶೂಟಿನವರನ್ನು ಕಟ್ಟಿಕೊಂಡು ತಮ್ಮ ಸರಕಾರದ ಮೇಲೇ ತಿರುಗಿಬಿದ್ದು, ನಾಲ್ಕೇ ದಿನಕ್ಕೆ ಸೋತರಂತೆ. ಮೊದಲೇ ಬಂದು ಅಲ್ಲಿ ಕೂತಿದ್ದ ಈರ ರೇಡಿಯೋದ ಕಿವಿ ತಿರುಗಿಸುತ್ತ ಗೊರಗೊರ ಸದ್ದಿನ ನಡುವೆ ಒಂದು ಫ್ರೆಂಚ್ ದನಿಯನ್ನು ಹಿಡಿದ. ಅಲ್ಲಿದ್ದವರಿಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಎಲ್ಲರೂ ಅವನ ಮುಖವನ್ನೇ ಓದುತ್ತಿದ್ದರು.

"ಎಂತ ಅಂತೆ?" ಲಿಂಗಪ್ಪ ಕೇಳಿದ.

"ನನ್ನ ಪಲ್ಟಣವನ್ನ ಬರಖಾಸ್ತು ಮಾಡಿದ್ರಂತೆ," ಎಂದ ಈರ. "ನಿಶಾನೆ ಕಿತ್ತುಕೊಂಡರು. ಹೆಸರೂ ಇಲ್ಲ ಇನ್ನು."

ಅವನು ಎದ್ದು ದೋಣಿಗಳು ನಿಲ್ಲುವ ಧಕ್ಕೆಯ ಕಡೆ ನಡೆದ. ದೇವಿ ಅಪ್ಪನಿಗೂ ಹೇಳದೆ ಹಿಂದೆಯೇ ಹೋದಳು. ಬಿಸಿಲು ಶರಾವತಿಯ ನೀರಿನ ಮೇಲೆ ಕಣ್ಣು ಕೋರೈಸುತ್ತಿತ್ತು.

"ಹೋಗೂಕೆ ಜಾಗವೇ ಇಲ್ಲ ಈಗ," ಎಂದ ಅವನು ನೀರಿಗೆ ಹೇಳಿದಂತೆ.

ದೇವಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ನಂಗೆ ಖುಷಿ ಆತು," ಎಂದುಬಿಟ್ಟಳು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಅವನು ತಿರುಗಿ ನೋಡಿದ ನೋಟದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ದೂರ ಇತ್ತು. "ಮನೆ ಸುಟ್ಟುಹೋದವನ ಹತ್ರ ಬಂದು ಚಳಿ ಕಾಯಿಸ್ತೆಯಾ?"

ಮರುವಾರ ಅವನು ಭಟ್ಕಳಕ್ಕೆ ಹೋಗಿ ಹೆಂಚಿನ ಮಚ್ವೆಯೊಂದನ್ನು ಸೇರಿದ ಎಂದು ಅವನ ಅತ್ತೆ ಹೇಳಿದಳು. ಆ ಮಳೆಗಾಲದಲ್ಲಿ ಬರಲಿಲ್ಲ. ಮುಂದಿನ ಮಳೆಗಾಲದಲ್ಲೂ ಬರಲಿಲ್ಲ.

ದೇವಿ ಹೊಲಿದಳು, ಬೇಯಿಸಿದಳು, ಬಂದ ಗಂಡುಗಳನ್ನು ಏನಾದರೊಂದು ನೆವ ಹೇಳಿ ತಿರುಗಿಸಿದಳು. ಒಂದೆಡೆ ಕೂತರೆ ಕಾಲು ಅಲ್ಲಾಡುತ್ತಿತ್ತು, ಎದ್ದರೆ ಎಲ್ಲಿಗೆ ಹೋಗುವುದೆಂದು ತಿಳಿಯುತ್ತಿರಲಿಲ್ಲ. ಅವನ ಅಶಾಂತಿ ತನಗೆ ಅಂಟಿಕೊಂಡಿದೆ ಅನಿಸುತ್ತಿತ್ತು. ಅಷ್ಟರಲ್ಲಿ ಮಾಹೆಯೂ ಪಾಂಡಿಚೇರಿಯೂ ಕಾಯ್ದೆ ಪ್ರಕಾರ ಭಾರತಕ್ಕೆ ಸೇರಿದವು. ಅಲ್ಲಿ ಹುಟ್ಟಿದವರು ಫ್ರೆಂಚರಾಗಿಯೇ ಉಳಿಯಬೇಕೆಂದರೆ ಆರು ತಿಂಗಳೊಳಗೆ ಹಾಗೆಂದು ಬರೆದುಕೊಡಬೇಕಂತೆ, ಸುಮ್ಮನಿದ್ದರೆ ಭಾರತದವರು. ಈರನಿಗೆ ಫ್ರಾನ್ಸಿನಲ್ಲಿ ಪ್ಯಾರಾಶೂಟು ಮಡಚುವ ಕೆಲಸ ಕೊಡಿಸುತ್ತೇನೆಂದು ಹಳೆಯ ಗೆಳೆಯನೊಬ್ಬ ಹೇಳಿ ಕಳಿಸಿದ್ದಾನೆ ಎಂಬುದೂ ಅತ್ತೆಯ ಬಾಯಿಂದಲೇ ಬಂತು.

ಅದೇ ವಾರ ಸುಬ್ಬ ಮಗಳನ್ನು ಕರೆದು ಕೂರಿಸಿದ. "ಕುಮಟೆಯ ಬೊಮ್ಮ ಅಂತ. ಇಂಜಿನ್ ದೋಣಿ ಮಾಡಿದ್ದಾನೆ. ಇನ್ನು ಹಾಯಿಗೆ ಕಾಲ ಇಲ್ಲ ಮಗಾ. ನನ್ನ ಕಣ್ಣೂ ಹೋತಾ ಬಂತು. ಈ ಸಲ ಇಲ್ಲ ಅನ್ನಬೇಡ."

"ಒಂದು ದಿನ ಕೊಡು ಅಪ್ಪ. ಭಟ್ಕಳಕ್ಕೆ ಹೋಗಿ ಬತ್ತೆ."

ಸುಬ್ಬ ಮಗಳ ಮುಖ ನೋಡಿದ. ಎಂತಕ್ಕೆ ಎಂದು ಕೇಳಲಿಲ್ಲ. "ಬುತ್ತಿ ಕಟ್ಟಿಕೊಂಡು ಹೋಗು," ಎಂದ.

ಬಸ್ಸಿನ ತುಂಬ ಇಡಗುಂಜಿಯ ಗಣಪತಿಗೆ ಹೋಗುವವರು. ಅವರು ಕ್ರಾಸಿನಲ್ಲಿ ಇಳಿದ ಮೇಲೆ ಖಾಲಿಯಾದ ಬಸ್ಸಿನಲ್ಲಿ ದೇವಿ ತಾನು ಆಡಬೇಕಾದ ಮಾತನ್ನು ಬಾಯೊಳಗೇ ಹೇಳಿಕೊಂಡಳು. ಕಾಯ್ಕಿಣಿ ಬರುವಷ್ಟರಲ್ಲಿ ಅದು ಬೈಗುಳವಾಗಿತ್ತು. ಭಟ್ಕಳ ಬರುವಷ್ಟರಲ್ಲಿ ಅದೂ ಮರೆತುಹೋಗಿತ್ತು.

ಬಂದರಿನಲ್ಲಿ ಅವನು ಹೆಂಚಿನ ಅಟ್ಟಿ ಹೊತ್ತು ಹಲಗೆಯ ಮೇಲೆ ನಡೆಯುತ್ತಿದ್ದ. ಬಲಗಾಲು ಎಳೆಯುತ್ತಿತ್ತು. ಅವಳನ್ನು ಕಂಡು ಹಲಗೆಯ ನಡುವೆಯೇ ನಿಂತ. ಹಿಂದಿದ್ದವನು ಗೊಣಗಿದ.

ದೋಣಿಯ ನೆರಳಿನಲ್ಲಿ ಕೂತರು. ಅವಳು ಬುತ್ತಿ ಬಿಚ್ಚಿ ಮುಂದಿಟ್ಟಳು. ಅವನು ಮುಟ್ಟಲಿಲ್ಲ.

"ಇರಿ ಅಂತ ಕೇಳೂಕೆ ಬಂದದ್ದಲ್ಲ ನಾನು," ಎಂದಳು ದೇವಿ. "ಹೋಗೂದಾದರೆ ಹೋಗಿ. ಆದರೆ ನನ್ನ ಎದುರು ಹೇಳಿ ಹೋಗಿ. ನಂಗೆ ಕುಮಟೆಯಲ್ಲಿ ಗಂಡು ನೋಡಿದ್ದಾರೆ. ನಾನೂ ಎಲ್ಲಿಗಾದರೂ ಹೋಗಬೇಕಲ್ಲ."

ಈರ ಅಂಗೈಯ ಹೆಂಚಿನ ಕೆಂಪನ್ನು ಒರೆಸುತ್ತ ಕೂತ. "ಕಾಲು ನೆಟ್ಟಗಾಗೂದಿಲ್ಲ ದೇವಿ. ಅಲ್ಲಿಂದ ಬರುವಾಗಲೇ ಡಾಕ್ಟರು ಹೇಳಿದ್ದ. ಗುಣ ಆದರೆ ಬಾ ಅಂದದ್ದು ಮರ್ಯಾದೆಗೆ. ಯಾರಿಗೂ ಹೇಳಲಿಲ್ಲ ನಾನು. ಹೊಯಿಗೆ ಮೇಲೆ ಬಿದ್ದದ್ದೆಲ್ಲ ಅದನ್ನ ನಂಬದೇ ಇರೂಕೆ."

ಅವಳು ಅವನ ಬಲಮೊಣಕಾಲನ್ನು ನೋಡಿದಳು.

"ವಿಮಾನದ ಬಾಗಿಲಲ್ಲಿ ನಿಂತಾಗ ಕೆಳಗೆ ನೋಡೂ ಹಂಗಿಲ್ಲ. ಎದುರಿಗೆ ನೋಡಬೇಕು. ಹಸಿರು ದೀಪ ಹತ್ತಿದರೆ ಹಾರಬೇಕು. ನಾ ಇನ್ನೂ ಅಲ್ಲೇ ನಿಂತ ಹಂಗೆ ಆತದೆ. ದೀಪ ಹತ್ತೂದಿಲ್ಲ."

"ಹಾರದೇ ಇದ್ದವನಿಗೆ ಎಂತ ಮಾಡ್ತಾರೆ?"

"ಬದಿಗೆ ಸರಿಸ್ತಾರೆ. ಹಿಂದಿನವರಿಗೆ ದಾರಿ ಬೇಕಲ್ಲ."

"ನಾ ನಿಮ್ಮ ಹಿಂದೆ ನಿಂತು ಎರಡು ವರ್ಷ ಆತು," ಎಂದಳು ದೇವಿ. ಕಣ್ಣು ತಗ್ಗಿಸಲಿಲ್ಲ. "ಹಾರಿ, ಇಲ್ಲ ಬದಿಗೆ ಸರೀರಿ. ನಂಗೆ ನಿಂತು ನಿಂತು ಸಾಕಾತು."

ಈರ ಅವಳನ್ನು ನೋಡಿದ. ಈ ಸಲ ನೋಟ ಸಮುದ್ರಕ್ಕೆ ಓಡಲಿಲ್ಲ. ಅವಳ ಕೆದರಿದ ಕೂದಲು, ಬಸ್ಸಿನ ಧೂಳು ಕೂತ ರೆಪ್ಪೆ, ದಬ್ಬಣ ಚುಚ್ಚಿ ಚುಚ್ಚಿ ದಪ್ಪಗಾದ ಬೆರಳು, ಎಲ್ಲದರ ಮೇಲೂ ನಿಧಾನವಾಗಿ ನಿಂತು ನಿಂತು ಹೋಯಿತು. ಆಮೇಲೆ ಅವನು ಬುತ್ತಿಯನ್ನು ಹತ್ತಿರ ಎಳೆದುಕೊಂಡ.

"ಅಂದು ಧಕ್ಕೆಯ ಮೇಲೆ ನೀ ಖುಷಿ ಆತು ಅಂದದ್ದಕ್ಕೆ ಸಿಟ್ಟು ಬರಲಿಲ್ಲ ನಂಗೆ," ಎಂದ ಅನ್ನ ಕಲಸುತ್ತ. "ಒಂದು ಗಳಿಗೆ ನಂಗೂ ಖುಷಿ ಆಗಿತ್ತು. ಅದಕ್ಕೇ ಓಡಿಹೋದೆ."

ಮಾಹೆಯವರಿಗೆ ಕೊಟ್ಟಿದ್ದ ಗಡುವು ಬಂತು, ಹೋಯಿತು; ಭಟ್ಕಳದಿಂದ ಮರಳಿದ್ದ ಈರ ಏನನ್ನೂ ಬರೆದುಕೊಡಲಿಲ್ಲ. ಆ ದಿನ ಈರ ಬೆಳಗಿನಿಂದ ಹೊನ್ನಾವರಕ್ಕೂ ಕಾಸರಕೋಡಿಗೂ ದೋಣಿಯಲ್ಲಿ ಸುಮ್ಮನೆ ಹೊಳೆ ದಾಟುತ್ತ ಕಳೆದ. ಯಾರೂ ಅವನನ್ನು ಏನೂ ಕೇಳಲಿಲ್ಲ. ಬಿಸಿಲು ಇಳಿದ ಮೇಲೆ ಕೊಟ್ಟಿಗೆಗೆ ಬಂದು, "ಆತು," ಎಂದ. ದೇವಿಯೂ "ಆತು" ಎಂದಳು. ವೈಶಾಖದಲ್ಲಿ ಇಬ್ಬರ ಮದುವೆಯಾಯಿತು.

ಮದುವೆಯಾದರೆ ಅಶಾಂತಿ ಹೋಗುತ್ತದೆ ಎಂದು ದೇವಿ ಅಂದುಕೊಂಡಿರಲಿಲ್ಲ; ಹೋಗಲೂ ಇಲ್ಲ. ಕೆಲವು ದಿನ ಅವನು ಉಣ್ಣುತ್ತ ಉಣ್ಣುತ್ತಲೇ ಎದ್ದು ಸಮುದ್ರದ ಉದ್ದಕ್ಕೂ ನಡೆದು ಹೋಗುತ್ತಿದ್ದ. ಅವಳು ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟು ತನ್ನ ಕೆಲಸ ನೋಡಿಕೊಳ್ಳುತ್ತಿದ್ದಳು. ಮರಳಿ ಬಂದು ಅದನ್ನೇ ಉಣ್ಣುತ್ತಿದ್ದ.

ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಅವನು ತೀರ ಮಾತು ಬಿಟ್ಟ. ದೇವಿ ಬಿಡದೆ ಕೇಳಿದ ಮೇಲೆ ಬಾಯಿ ಬಿಟ್ಟ: ತಿಂಗಳ ಕೊನೆಗೆ ಸಂತ ಮಿಶೆಲನ ಹಬ್ಬ. ರೆಕ್ಕೆಯಿರುವ ಯೋಧ ಅವನು, ಪ್ಯಾರಾಶೂಟಿನವರ ದೇವರು. ಅಂದು ಪಲ್ಟಣವೆಲ್ಲ ಸಾಲಾಗಿ ನಿಲ್ಲುತ್ತದೆ. ಸತ್ತವರ ಹೆಸರನ್ನು ಒಬ್ಬ ಕೂಗುತ್ತಾನೆ. ಸತ್ತವನ ಬದಲು ಇನ್ನೊಬ್ಬ ಉತ್ತರ ಕೊಡುತ್ತಾನೆ, 'ಮಾನದ ನೆಲದಲ್ಲಿ ಮಡಿದ' ಎಂದು.

"ಈಗ ಪಲ್ಟಣವೇ ಇಲ್ಲ. ಅವರ ಹೆಸರು ಯಾರು ಕೂಗ್ತಾರೆ?"

"ನೀವು ಕೂಗಿ. ಉತ್ತರ ನಾ ಕೊಡ್ತೆ. ಅದನ್ನ ಅವರ ಭಾಷೆಯಲ್ಲಿ ಹೇಳಿಕೊಡಿ."

ಹಬ್ಬದ ಬೆಳಿಗ್ಗೆ ಮಳೆ ಬಿಟ್ಟಿತ್ತು. ಈರ ಕೆಂಪು ಟೊಪ್ಪಿ ಹಾಕಿ ಕೊಟ್ಟಿಗೆಯ ಮುಂದೆ ಸಮುದ್ರಕ್ಕೆ ಮುಖ ಮಾಡಿ ನಿಂತ. ಸುಬ್ಬ ಹೊರಗೆ ಬಂದು ಅಳಿಯನನ್ನು ಮೇಲಿಂದ ಕೆಳಗೆ ನೋಡಿ, "ನೈವೇದ್ಯಕ್ಕೆ ಬಾಳೆಹಣ್ಣು ತರಲಾ?" ಎಂದು ಕೇಳಿದ. ದೇವಿ ಸುಮ್ಮನಿರಲು ಸನ್ನೆ ಮಾಡಿದಳು.

"ಲೂಯಿ ಗರೆಲ್," ಎಂದು ಕೂಗಿದ ಈರ.

"ಮೋರ್ ಓ ಶಾಂ ದೊನೋರ್," ಎಂದಳು ದೇವಿ.

"ತ್ರಾನ್ ವಾನ್ ಲಾಮ್."

"ಮೋರ್ ಓ ಶಾಂ ದೊನೋರ್."

ಹೆಸರುಗಳು ಬರುತ್ತಲೇ ಇದ್ದವು. ಕಾಗದವಿಲ್ಲ, ಎಲ್ಲ ಬಾಯಿಪಾಠ. ಕೆಲವು ಹೆಸರಿಗೆ ಅವನ ದನಿ ಒಡೆಯಿತು, ಅವಳದು ಒಡೆಯಲಿಲ್ಲ. ಕೊನೆಗೆ ಅವನು, "ಆ ಗುಡ್ಡದ ಮೇಲೆ ನಮ್ಮ ಕೈಯಲ್ಲಿ ಸತ್ತವರ ಹೆಸರು ನಂಗೆ ಗೊತ್ತಿಲ್ಲ," ಎಂದು, ಟೊಪ್ಪಿ ತೆಗೆದು ತಲೆ ತಗ್ಗಿಸಿ ನಿಂತ.

ಅವನು ಹಾಗೆಯೇ ನಿಂತಿರುವುದನ್ನು ಕಂಡು, ಸತ್ತವರ ಜೊತೆಗೇ ಉಳಿದುಬಿಟ್ಟನೇನೋ ಎಂದು ದೇವಿಗೆ ಭಯವಾಯಿತು. ಅವಳ ಕೇರಿಯಲ್ಲಿ ಹೆಂಡತಿ ಗಂಡನ ಹೆಸರು ಹೇಳುವ ವಾಡಿಕೆಯಿಲ್ಲ; ಅಪ್ಪ ಬೇರೆ ಬಾಗಿಲಲ್ಲೇ ಇದ್ದ. ಅವಳು ಅವನಂತೆಯೇ ಬೆನ್ನು ನೆಟ್ಟಗೆ ಮಾಡಿ, ಕೇರಿಗೆಲ್ಲ ಕೇಳುವ ಹಾಗೆ ಕೂಗಿದಳು.

"ಈರ."

ಅವನು ಬೆಚ್ಚಿ ತಿರುಗಿದ. ಒದ್ದೆಗಣ್ಣಿನಲ್ಲೇ ಅವಳನ್ನು ನೋಡುತ್ತ ನಿಂತ.

"ಇದ್ದೇನೆ," ಎಂದ. "ಇಲ್ಲೇ ಇದ್ದೇನೆ."